ರಕ್ತಹೀನತೆಗೆ ಕೈತೋಟದ ನೆರವು: ಟೊಮೇಟೊ, ದಪ್ಪ ಮೆಣಸಿನಕಾಯಿ

ದಿನವೂ ರಾಗಿ ಮುದ್ದೆ, ವಾರಕ್ಕೆ ಮೂರು ಸಲ ಸೊಪ್ಪಿನ ಸಾರು. ಇಷ್ಟೆಲ್ಲ ಉಂಡರೂ ರಕ್ತ ಪರೀಕ್ಷೆ ಮಾಡಿಸಿದಾಗ ‘ಹಿಮೋಗ್ಲೋಬಿನ್ ಕಡಿಮೆ ಇದೆ’ ಎಂದು ವೈದ್ಯರು ಹೇಳಿದರೆ ಅನೇಕ ಗೃಹಿಣಿಯರಿಗೆ ಆಶ್ಚರ್ಯವಾಗುತ್ತದೆ. ನಮ್ಮಲ್ಲಿ ಇದೇನೂ ಅಪರೂಪವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರ ಪೈಕಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಮುಟ್ಟಿನಲ್ಲಿ ಹೆಚ್ಚು ಸ್ರಾವ, ಕೊಕ್ಕೆಹುಳು, ಮೇಲಿಂದ ಮೇಲೆ ಹೆರಿಗೆ ಹೀಗೆ ಕಾರಣಗಳು ಹಲವು. ತಟ್ಟೆಯಲ್ಲಿರುವ ಕಬ್ಬಿಣ ಮೈಗೆ ಹತ್ತದೆ ಹೋಗುವುದೂ ಅವುಗಳಲ್ಲಿ ಒಂದು.

ರಾಗಿ, ಸೊಪ್ಪು, ಬೇಳೆಗಳಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಧಾನ್ಯಗಳಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟವಾದ ಕೂಡಲೇ ಕುಡಿಯುವ ಕಾಫಿ, ಟೀ ಇದಕ್ಕೆ ಇನ್ನಷ್ಟು ಅಡ್ಡಿ. ಈ ಬಿಗಿಯನ್ನು ಸಡಿಲಿಸುವುದು ‘ಸಿ’ ಜೀವಸತ್ವ. ಆದರೆ ಒಂದು ಷರತ್ತು: ಅದು ಅದೇ ಊಟದಲ್ಲಿ ಇರಬೇಕು. ಬೆಳಗ್ಗೆ ಕಿತ್ತಳೆ ತಿಂದು ರಾತ್ರಿ ಸೊಪ್ಪು ಉಂಡರೆ ಈ ಕೆಲಸ ಆಗದು.

ಇಲ್ಲಿಯೇ ನಿಮ್ಮ ಹಿತ್ತಿಲು ಅಥವಾ ತಾರಸಿಯ ನಾಲ್ಕು ಕುಂಡಗಳು ನೆರವಿಗೆ ಬರುತ್ತವೆ. ನೂರು ಗ್ರಾಂ ಟೊಮೇಟೊದಲ್ಲಿ ಸುಮಾರು 25 ಮಿಲಿಗ್ರಾಂ ‘ಸಿ’ ಜೀವಸತ್ವವಿದೆ. ದಪ್ಪ ಮೆಣಸಿನಕಾಯಿಯಲ್ಲಿ ಅದರ ನಾಲ್ಕೈದು ಪಟ್ಟು. ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾಗುವುದು 65 ಮಿಲಿಗ್ರಾಂ. ಅರ್ಧ ದಪ್ಪ ಮೆಣಸಿನಕಾಯಿಯನ್ನು ಹಸಿಯಾಗಿ ತಿಂದರೆ ಹೆಚ್ಚುಕಡಿಮೆ ಅಷ್ಟು ಸಿಕ್ಕಿತು. ‘ಸಿ’ ಜೀವಸತ್ವವನ್ನು ಬೇರ್ಪಡಿಸಿ 1937ರಲ್ಲಿ ನೊಬೆಲ್ ಪಡೆದ ಹಂಗೆರಿಯ ವಿಜ್ಞಾನಿ ಸೆಂಟ್ ಗ್ಯೋರ್ಗಿ ಅವರಿಗೆ ಅದು ಹೇರಳವಾಗಿ ದೊರೆತದ್ದು ಇದೇ ಜಾತಿಯ ಮೆಣಸಿನಕಾಯಿಯಲ್ಲಿ. ಹೆಂಡತಿ ರಾತ್ರಿಯೂಟಕ್ಕೆ ಬಡಿಸಿದ್ದನ್ನು ತಿನ್ನಲು ಮನಸ್ಸಿಲ್ಲದೆ ಪ್ರಯೋಗಾಲಯಕ್ಕೆ ಒಯ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ!

ನಿಂಬೆ, ನೆಲ್ಲಿಕಾಯಿಗಳೂ ಇದೇ ಕೆಲಸ ಮಾಡುತ್ತವೆ, ನಿಜ. ಆದರೆ ಕಣ್ಣೆದುರಿಗೆ ಕಾಯಿ ತೂಗುತ್ತಿದ್ದರೆ ಊಟದ ಹೊತ್ತಿಗೆ ಕಿತ್ತು ಹೆಚ್ಚುವುದು ತಾನಾಗಿಯೇ ರೂಢಿಯಾಗುತ್ತದೆ. ಈ ಜೀವಸತ್ವ ಬಿಸಿಗೆ ಬಹುಮಟ್ಟಿಗೆ ನಾಶವಾಗುವುದರಿಂದ ಸಾರಿನಲ್ಲಿ ಕುದಿಸಿದ್ದು ಸಾಲದು. ಕೋಸಂಬರಿಗೆ ಸಣ್ಣಗೆ ಹೆಚ್ಚಿ ಹಾಕಿ, ಇಲ್ಲವೇ ಹಸಿ ಗೊಜ್ಜು ಮಾಡಿ. ಬೇಯಿಸಿದ ಟೊಮೇಟೊ ವ್ಯರ್ಥವೇನಲ್ಲ. ಅದರ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೋಪೀನ್ ಎಣ್ಣೆಯಲ್ಲಿ ಬೆಂದಾಗಲೇ ಚೆನ್ನಾಗಿ ಮೈಗೆ ಸೇರುತ್ತದೆ.

ಬೆಳೆಯುವುದು ಹೇಗೆ?

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಹನ್ನೆರಡು ಅಂಗುಲ ಆಳದ, ತಳದಲ್ಲಿ ತೂತುಗಳಿರುವ ಕುಂಡಕ್ಕೆ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ತುಂಬಿ. ಹಳೆಯ ಪೇಂಟ್ ಡಬ್ಬ ಬಳಸಬೇಡಿ. ಪೇಂಟಿನಲ್ಲಿ ಸೀಸ ಇರಬಹುದು. ಹಸಿ ಸಗಣಿ, ಹಸಿ ಕೋಳಿಗೊಬ್ಬರವೂ ಬೇಡ. ಹಸಿಯಾಗಿ ತಿನ್ನುವ ತರಕಾರಿಗೆ ಅದರಿಂದ ರೋಗಾಣುಗಳು ಅಂಟಬಹುದು.

ಸಸಿ ಮಡಿಯಲ್ಲಿ ಟೊಮೇಟೊ ಸಸಿಗಳಿಗೆ ಮೂರೂವರೆ ವಾರ, ದಪ್ಪ ಮೆಣಸಿನಕಾಯಿ ಸಸಿಗಳಿಗೆ ಐದಾರು ವಾರ ತುಂಬಿದ ಮೇಲೆ ಸಂಜೆಯ ಹೊತ್ತು ಕುಂಡಕ್ಕೆ ನಾಟಿ ಮಾಡಿ. ಟೊಮೇಟೊ ಸಸಿಯನ್ನು ಆಳವಾಗಿ ನೆಡಬಹುದು, ಕಾಂಡದಿಂದಲೂ ಬೇರೊಡೆಯುತ್ತದೆ. ಆಸರೆಗೆ ಕೋಲು ಕಟ್ಟಿ. ನೀರು ಒಂದು ದಿನ ಧಾರಾಳ, ನಾಲ್ಕು ದಿನ ಉಪವಾಸ ಎಂಬಂತಾದರೆ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಅದು ರೋಗವಲ್ಲ, ಗಿಡಕ್ಕೆ ಸುಣ್ಣದ ಅಂಶ ಸರಿಯಾಗಿ ತಲುಪಿಲ್ಲ ಎಂದಷ್ಟೇ ಅರ್ಥ. ಬದನೆ, ಆಲೂಗಡ್ಡೆ, ಮೆಣಸಿನಕಾಯಿ, ಟೊಮೇಟೊ ಎಲ್ಲವೂ ಒಂದೇ ಕುಟುಂಬದವು. ಒಂದನ್ನು ಬೆಳೆದ ಮಣ್ಣಿನಲ್ಲಿ ಕೂಡಲೇ ಇನ್ನೊಂದನ್ನು ಬೆಳೆಯದಿರುವುದು ಒಳ್ಳೆಯದು.

ದಪ್ಪ ಮೆಣಸಿನಕಾಯಿಗೆ ತಂಪು ಹವೆ ಬೇಕು. ಬೆಂಗಳೂರು, ಮೈಸೂರು, ಹಾಸನದ ಕಡೆಯವರಿಗೆ ಅದು ಸುಲಭ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೂವು ಉದುರಿಹೋಗುತ್ತದೆ. ಅಲ್ಲಿನವರು ಮಳೆಗಾಲ ಮುಗಿದ ಮೇಲೆ ನೆಡುವುದು ಲೇಸು. ಹಸಿಮೆಣಸಿನಕಾಯಿಯಲ್ಲೂ ‘ಸಿ’ ಜೀವಸತ್ವ ಸಾಕಷ್ಟಿದೆ, ಆದರೆ ಐವತ್ತು ಗ್ರಾಂ ತಿನ್ನಬಲ್ಲ ಧೀರರು ಎಷ್ಟು ಜನ?

ಔಷಧಿ ಸಿಂಪಡಿಸುವ ಮುನ್ನ

ಕುಂಡದ ಗಿಡಕ್ಕೆ ಹುಳು ಬಿತ್ತೆಂದು ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಸಣ್ಣ ಶೀಷೆಯಲ್ಲಿ ಮನೆಗೆ ತರುವವರಿದ್ದಾರೆ. ದಯವಿಟ್ಟು ಇದನ್ನು ಮಾಡಬೇಡಿ. ತಂಪು ಪಾನೀಯದ ಬಾಟಲಿಗೆ ಸುರಿದಿಟ್ಟ ಕೀಟನಾಶಕವನ್ನು ಮಕ್ಕಳು ಕುಡಿಯುವ ಅಪಾಯ ಯಾವಾಗಲೂ ಇದ್ದೇ ಇರುತ್ತದೆ. ಮೊನೊಕ್ರೊಟೊಫಾಸ್‌ನಂಥ ಕೀಟನಾಶಕವನ್ನು ತರಕಾರಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿತು. ಅನುಮತಿ ಇರುವ ಔಷಧಿಗಳಿಗೂ ಸಿಂಪಡಿಸಿದ ನಂತರ ಕೊಯ್ಲಿಗೆ ಇಂತಿಷ್ಟು ದಿನ ಕಾಯಬೇಕೆಂಬ ನಿಯಮವಿದೆ. ದಿನ ಬಿಟ್ಟು ದಿನ ಕಾಯಿ ಕೀಳುವ ಮನೆಯಲ್ಲಿ ಯಾರು ಕಾಯುತ್ತಾರೆ?

ಅಕಸ್ಮಾತ್ ಯಾರಾದರೂ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಸೋಪಿನಿಂದ ತೊಳೆಯಿರಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಔಷಧಿಯ ಮೂಲ ಡಬ್ಬವೂ ಜೊತೆಗಿರಲಿ.

ಹೊಗೆಸೊಪ್ಪಿನ ಕಷಾಯ ‘ನೈಸರ್ಗಿಕ’ವಾದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆ ಬಹಳ ಕಡೆ ಇದೆ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ಒಳಸೇರುವ ವಿಷ. ಸಾಲದ್ದಕ್ಕೆ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಟೊಮೇಟೊ, ಮೆಣಸಿನಕಾಯಿ ಗಿಡಗಳಿಗೂ ತಗಲುತ್ತದೆ. ಬೀಡಿ, ಸಿಗರೇಟು ಸೇದುವ ಯಜಮಾನರು ಸೋಪಿನಿಂದ ಕೈ ತೊಳೆಯದೆ ಗಿಡ ಮುಟ್ಟಬಾರದು. (ಸೇದುವುದನ್ನೇ ಬಿಟ್ಟರೆ ಗಿಡಕ್ಕೂ ಕ್ಷೇಮ, ಅವರಿಗೂ ಕ್ಷೇಮ.)

ಮನೆಯ ಮಟ್ಟಿಗೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಎಲೆಗಳ ಅಡಿಭಾಗಕ್ಕೆ ಸಿಂಪಡಿಸಿದರೆ ಸಾಮಾನ್ಯವಾಗಿ ಸಾಕು. ಈ ಬಾಟಲಿಯೂ ಮಕ್ಕಳ ಕೈಗೆ ಸಿಗದಿರಲಿ, ಬೇವಿನೆಣ್ಣೆ ಕುಡಿದರೆ ಕೂಸುಗಳಿಗೆ ಅಪಾಯ. ಬಿಳಿ ನೊಣದಿಂದ ಹರಡುವ ಎಲೆ ಮುದುರು ರೋಗ ಬಂದ ಗಿಡಕ್ಕೆ ಮಾತ್ರ ಮದ್ದಿಲ್ಲ, ಕಿತ್ತು ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಎಂಬ ಟೊಮೇಟೊ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಅದು ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಕುಂಡದ ಕೆಳಗಿನ ತಟ್ಟೆಯ ಕಡೆಗೂ ಗಮನ ಇರಲಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ತಿಳಿನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ವಾರಕ್ಕೆರಡು ಬಾರಿ ತಟ್ಟೆಯ ನೀರು ಚೆಲ್ಲಿ, ಅಂಚನ್ನು ಉಜ್ಜಿ ತೊಳೆಯಿರಿ. ಮೊಟ್ಟೆಗಳು ಅಂಚಿಗೆ ಅಂಟಿಕೊಂಡಿರುತ್ತವೆ.

ಯಾರು ತಿನ್ನಬಾರದು?

ಟೊಮೇಟೊ ಬೀಜದಿಂದ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಟೊಮೇಟೊದಲ್ಲಿ ಆಕ್ಸಲೇಟ್ ಕಡಿಮೆಯೇ. ಆದರೆ ಮೂತ್ರಪಿಂಡದ ವೈಫಲ್ಯವಿದ್ದು ಪೊಟ್ಯಾಸಿಯಂ ಮಿತಿಗೊಳಿಸಲು ವೈದ್ಯರು ಹೇಳಿದ್ದರೆ ಅವರನ್ನು ಕೇಳಿಯೇ ತಿನ್ನಿ. ಹುಳಿತೇಗು, ಎದೆಯುರಿ ಇರುವವರು ರಾತ್ರಿ ಹೊತ್ತು ದೂರವಿಡುವುದು ಒಳ್ಳೆಯದು. ರಕ್ತಹೀನತೆಗೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು, ಮುಖ್ಯವಾಗಿ ಗರ್ಭಿಣಿಯರು, ಕೋಸಂಬರಿ ತಿನ್ನುತ್ತಿದ್ದೇನೆಂದು ನಿಲ್ಲಿಸಕೂಡದು. ಕಾಫಿ, ಟೀಯನ್ನು ಊಟದಿಂದ ಒಂದು ಗಂಟೆಯಾದರೂ ದೂರ ಇಡಿ.

ಖಾರದ ಮೆಣಸಿನಕಾಯಿಯ ಗಿಡವೂ ಇದ್ದರೆ, ಕಾಯಿ ಹೆಚ್ಚಿದ ಕೈಯಲ್ಲಿ ಕೂಸನ್ನು ಎತ್ತಿಕೊಳ್ಳಬೇಡಿ. ಖಾರವಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಅದು ಬರೀ ನೀರಿಗೆ ಹೋಗುವುದಿಲ್ಲ. ಕೈಗೆ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ತೊಳೆಯಬೇಕು. ಕಣ್ಣಿಗೆ ತಗಲಿದರೆ ಉಜ್ಜದೆ ಹದಿನೈದು ನಿಮಿಷ ತಣ್ಣೀರು ಹಾಕಿ ತೊಳೆಯಿರಿ. ಉರಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.