ಫ್ರೇಮಿನೊಳಗೆ ಅಡಗಿದ ಅಂಚು

ಗೋಡೆಯ ಮೇಲೆ ಗಾಜು ಹಾಕಿದ ಒಂದು ಫ್ರೇಮು. ಒಳಗೆ ಆಟಗಾರನೊಬ್ಬನ ಪುಟ್ಟ ಬಣ್ಣದ ಚಿತ್ರ. ನೂರು ವರ್ಷಕ್ಕಿಂತ ಹಳೆಯದಂತೆ! ಇದರ ಬೆಲೆ ಎಷ್ಟಿರಬಹುದು? ಹತ್ತು ರೂಪಾಯಿಯೂ ಇರಬಹುದು, ಹತ್ತು ಕೋಟಿಯೂ ಇರಬಹುದು.

ಅಮೆರಿಕದಲ್ಲಿ ಇಂಥ ಹಳೆಯ ಕ್ರೀಡಾ ಕಾರ್ಡುಗಳಿಗೆ ಬೆಲೆ ಕಟ್ಟುವುದೇ ಒಂದು ಕಸುಬು. ಆ ಕಸುಬು ಬಲ್ಲವರ ಕೈಗೆ ಫ್ರೇಮು ಕೊಟ್ಟರೆ ಅವರು ಮೊದಲು ಏನು ಹೇಳುತ್ತಾರೆ ಗೊತ್ತೇ? “ಕಾರ್ಡನ್ನು ಹೊರಗೆ ತೆಗೆದು ನೋಡಬೇಕು.” ಏಕೆಂದರೆ ಫ್ರೇಮು ಮುಖವನ್ನಷ್ಟೇ ತೋರಿಸುತ್ತದೆ. ಬೆನ್ನನ್ನೂ ಅಂಚನ್ನೂ ಮುಚ್ಚಿಡುತ್ತದೆ. ನಿಜವಾದ ಕಥೆ ಇರುವುದು ಅಲ್ಲೇ!

ಈ ಕಾರ್ಡುಗಳು ಹುಟ್ಟಿದ್ದು ಹೇಗೆ? ಆ ಕಾಲದಲ್ಲಿ ಸಿಗರೇಟಿನ ಪೊಟ್ಟಣ ಮೆತ್ತನೆಯ ಕಾಗದದ್ದು. ಸಿಗರೇಟು ಮುರಿಯದಿರಲೆಂದು ಒಳಗೆ ಒಂದು ಗಟ್ಟಿ ರಟ್ಟಿನ ತುಂಡು ಇಡುತ್ತಿದ್ದರು. ಅದರ ಮೇಲೆ ಚಿತ್ರ ಅಚ್ಚು ಹಾಕಿದರೆ ಜನ ಕೂಡಿಡಲು ಮತ್ತೆ ಮತ್ತೆ ಕೊಳ್ಳುತ್ತಾರೆ ಎಂಬುದು ವ್ಯಾಪಾರಿಗಳ ಲೆಕ್ಕ. ಇಂಗ್ಲೆಂಡಿನ ಕಾರ್ಡುಗಳಲ್ಲಿ ನಮ್ಮ ರಣಜಿತ್ ಸಿಂಹಜಿಯವರ ಚಿತ್ರವೂ ಬಂದಿತ್ತು. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರದೇ ರಾಜ್ಯಭಾರ. ಬೇಸ್‌ಬಾಲ್ ಅಂದರೆ ನಮ್ಮ ಕ್ರಿಕೆಟ್ಟಿನ ದೂರದ ನೆಂಟ ಅನ್ನಿ.

1909ರಿಂದ 1911ರವರೆಗೆ ಅಲ್ಲಿನ ಒಂದು ದೊಡ್ಡ ತಂಬಾಕು ಕಂಪನಿ ಐನೂರಕ್ಕೂ ಹೆಚ್ಚು ಬಗೆಯ ಕಾರ್ಡುಗಳನ್ನು ಹೊರತಂದಿತು. ಸಂಗ್ರಾಹಕರು ಈ ಸರಣಿಯನ್ನು ‘ಟಿ-206’ ಎಂದು ಕರೆಯುತ್ತಾರೆ. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ, ಅಷ್ಟೇ. ಅದರಲ್ಲಿ ಎಲ್ಲರೂ ಹುಡುಕುವುದು ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡನ್ನು. ಚಿಕ್ಕಂದಿನಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿದ ಈ ಹುಡುಗ ಮುಂದೆ ಪಿಟ್ಸ್‌ಬರ್ಗ್ ತಂಡದ ಕಣ್ಮಣಿಯಾದ. ಅವನು ತನ್ನ ಚಿತ್ರವನ್ನು ಸಿಗರೇಟಿನ ಜೊತೆ ಹಂಚಲು ಒಪ್ಪಲಿಲ್ಲ. ಮಕ್ಕಳು ಚಿತ್ರದ ಆಸೆಗೆ ತಂಬಾಕು ಕೊಳ್ಳಬಾರದೆಂದು ಹಾಗೆ ಮಾಡಿದ ಎನ್ನುತ್ತಾರೆ ಹಲವರು. ಸರಿಯಾದ ಹಣ ಕೊಡಲಿಲ್ಲವೆಂದು ಬೇಡವೆಂದ ಎನ್ನುವವರೂ ಇದ್ದಾರೆ. ಅಂತೂ ಕಂಪನಿ ಅವನ ಕಾರ್ಡನ್ನು ಬೇಗನೆ ನಿಲ್ಲಿಸಿತು. ಹೊರಗೆ ಬಂದದ್ದು ಕೆಲವೇ ಕೆಲವು. ಅದಕ್ಕೇ ಅಷ್ಟು ಬೆಲೆ!

ಈಗ ಎರಡು ವ್ಯಾಗ್ನರ್ ಕಾರ್ಡುಗಳ ಕಥೆ ಕೇಳಿ.

ಮೊದಲನೆಯದು ಹೊಸದರಂತೆ ಹೊಳೆಯುತ್ತಿತ್ತು. ಮೂಲೆಗಳು ಚೂಪು, ಅಂಚುಗಳು ನೇರ. 1985ರಲ್ಲಿ ಬಿಲ್ ಮ್ಯಾಸ್ಟ್ರೋ ಎಂಬ ವ್ಯಾಪಾರಿ ಅದನ್ನು 25 ಸಾವಿರ ಡಾಲರಿಗೆ ಕೊಂಡ. 1991ರಲ್ಲಿ ಐಸ್ ಹಾಕಿ ಆಟದ ದೊಡ್ಡ ಹೆಸರು ವೇಯ್ನ್ ಗ್ರೆಟ್ಜ್‌ಕಿ ಮತ್ತು ಅವರ ಜೊತೆಗಾರರೊಬ್ಬರು ಹರಾಜಿನಲ್ಲಿ 4 ಲಕ್ಷ 51 ಸಾವಿರ ಡಾಲರ್ ಕೊಟ್ಟು ಪಡೆದರು. ಪರೀಕ್ಷಕರು ಅದಕ್ಕೆ 10ಕ್ಕೆ 8 ಅಂಕ ಕೊಟ್ಟರು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. ಆದರೆ 2013ರಲ್ಲಿ ಮ್ಯಾಸ್ಟ್ರೋ ನ್ಯಾಯಾಲಯದ ಮುಂದೆ ಒಪ್ಪಿಕೊಂಡ: ಕಾರ್ಡಿನ ಪಕ್ಕದ ಅಂಚುಗಳನ್ನು ತಾನೇ ಕತ್ತರಿಸಿ ಚೆಂದ ಮಾಡಿದ್ದೆ ಎಂದು! ಸವೆದ ಅಂಚನ್ನು ಕತ್ತರಿಸಿದರೆ ಹಳೆಯ ಕಾರ್ಡು ಹೊಸದಾಗಿ ಕಾಣುತ್ತದೆ. ಸಂಗ್ರಾಹಕರ ಲೋಕದಲ್ಲಿ ಅದನ್ನು ಹೇಳದೆ ಮಾರುವುದು ದೊಡ್ಡ ತಪ್ಪು. ಹರಾಜುಗಳಲ್ಲಿ ಮಾಡಿದ ಮೋಸಗಳಿಗಾಗಿ 2015ರಲ್ಲಿ ಅವನಿಗೆ 20 ತಿಂಗಳ ಸೆರೆವಾಸವಾಯಿತು.

ಎರಡನೆಯ ಕಾರ್ಡು ನೋಡಲು ಬಡಪಾಯಿ. ಮೂರು ಕಡೆಯ ಬಿಳಿ ಅಂಚು ಕತ್ತರಿಸಿ ಹೋಗಿತ್ತು. ಮೂಲೆಯಲ್ಲಿ ಮಡಿಕೆಯ ಗೆರೆ. ಸಾಲದ್ದಕ್ಕೆ ಯಾರೋ ಪ್ಲಾಸ್ಟಿಕ್ ಲ್ಯಾಮಿನೇಷನ್ ಬೇರೆ ಮಾಡಿಸಿದ್ದರು! 1936ರಿಂದ ಅದನ್ನು ಇಟ್ಟುಕೊಂಡಿದ್ದ ಹಿರಿಯರೊಬ್ಬರು 2010ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಬಾಲ್ಟಿಮೋರ್ ನಗರದ ಕ್ರೈಸ್ತ ಸನ್ಯಾಸಿನಿಯರಿಗೆ ಬಿಟ್ಟಿದ್ದರು. ಬ್ಯಾಂಕಿನ ಲಾಕರಿನಲ್ಲಿ ಕಾರ್ಡಿನ ಜೊತೆ ಒಂದು ಚೀಟಿ ಸಿಕ್ಕಿತು. ಇದು ಹಾಳಾಗಿದ್ದರೂ 21ನೆಯ ಶತಮಾನದಲ್ಲಿ ಇದರ ಬೆಲೆ ಬಹಳ ಏರುತ್ತದೆ ಎಂದು ಅದರಲ್ಲಿ ಬರೆದಿತ್ತು. ಸನ್ಯಾಸಿನಿಯರು ಅದನ್ನು ಇದ್ದದ್ದು ಇದ್ದ ಹಾಗೆ ಹರಾಜಿಗಿಟ್ಟರು. ಒಂದು ಕೊರತೆಯನ್ನೂ ಮುಚ್ಚಿಡಲಿಲ್ಲ. ಬಂದದ್ದು ಎರಡು ಲಕ್ಷ ಡಾಲರಿಗೂ ಹೆಚ್ಚು! ಆ ಹಣ ಅವರ ಸೇವಾಕಾರ್ಯಕ್ಕೆ ನೆರವಾಯಿತು.

ಎರಡೂ ಕತ್ತರಿ ಕಂಡ ಕಾರ್ಡುಗಳೇ. ಒಂದರ ಕತ್ತರಿ ಗುಟ್ಟಾಗಿತ್ತು, ಇನ್ನೊಂದರದು ಎಲ್ಲರಿಗೂ ಗೊತ್ತಿತ್ತು. ಬೆಲೆ ಕಟ್ಟುವವರ ಕೆಲಸವೆಂದರೆ ಈ ಗುಟ್ಟನ್ನು ಹೊರಗೆಳೆಯುವುದೇ.

ಅವರು ಹೇಗೆ ಪರೀಕ್ಷಿಸುತ್ತಾರೆ? ಮೊದಲು ಅಳತೆ. ಕಾರ್ಡು ಇರಬೇಕಾದ್ದಕ್ಕಿಂತ ಚಿಕ್ಕದಾಗಿದ್ದರೆ ಅನುಮಾನ. ಆದರೆ ಹಳೆಯ ಕಾರ್ಖಾನೆಯ ಅಳತೆಯಲ್ಲೂ ಕೂದಲೆಳೆಯ ಹೆಚ್ಚುಕಡಿಮೆ ಇರುತ್ತಿತ್ತು. ಹಾಗಾಗಿ ಭೂತಗನ್ನಡಿ ಹಿಡಿದು ಅಂಚನ್ನು ನೋಡುತ್ತಾರೆ. ಮುಖವೆಲ್ಲ ಸವೆದು ಅಂಚು ಮಾತ್ರ ಹೊಸದಾಗಿದ್ದರೆ ಏನೋ ನಡೆದಿದೆ ಎಂದರ್ಥ. ಆಮೇಲೆ ಅಕ್ಷರ. ಟಿ-206 ಮೂಲ ಕಾರ್ಡಿನಲ್ಲಿ ಆಟಗಾರನ ಹೆಸರು ಗಟ್ಟಿ ಶಾಯಿಯಲ್ಲಿರುತ್ತದೆ. ಫೋಟೊ ತೆಗೆದು ಮಾಡಿದ ನಕಲಿನಲ್ಲಿ ಅಕ್ಷರವೂ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದಿರುತ್ತದೆ.

ಇನ್ನೊಂದು ಮೋಜಿನ ಪರೀಕ್ಷೆ ಇದೆ. ಅಂಗಡಿಯಲ್ಲಿ ನೋಟು ನೋಡುವ ನೇರಳೆ ದೀಪ ಗೊತ್ತಲ್ಲ? ಅದರ ಕೆಳಗೆ ಇಡುತ್ತಾರೆ. ಸುಮಾರು 1950ರಿಂದ ಈಚೆಗೆ ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸುವುದು ಬಳಕೆಗೆ ಬಂತು. ಬಟ್ಟೆ ಒಗೆಯುವ ಪುಡಿಯಲ್ಲೂ ಇಂಥದ್ದೇ ಇರುತ್ತದೆ. ನೂರು ವರ್ಷದ ಕಾರ್ಡು ಎಂದು ಕೊಟ್ಟದ್ದು ದೀಪದಡಿ ನೀಲಿಯಾಗಿ ಮಿನುಗಿದರೆ, ಅದು ನಿನ್ನೆ ಮೊನ್ನೆಯ ನಕಲಿರಬಹುದು!

ಕೊನೆಗೆ ಬೆಲೆ. ಮಾರುವವರು ಎಷ್ಟು ಕೇಳುತ್ತಾರೆ ಎಂಬುದು ಬೆಲೆಯಲ್ಲ. ಅದೇ ಕಾರ್ಡು, ಅದೇ ಸ್ಥಿತಿಯಲ್ಲಿ, ಇತ್ತೀಚೆಗೆ ನಿಜಕ್ಕೂ ಎಷ್ಟಕ್ಕೆ ಹೋಯಿತು ಎಂಬುದೇ ಬೆಲೆ.

ಅಂದವಾದ ಫ್ರೇಮು ಕೆಲವೊಮ್ಮೆ ಕಾರ್ಡಿಗೆ ಶತ್ರುವೂ ಆಗುತ್ತದೆ. ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ಗಾಜಿಗೆ ತಾಗಿದ್ದರೆ ಮಳೆಗಾಲದ ತೇವಕ್ಕೆ ಅಂಟಿಕೊಳ್ಳುತ್ತದೆ. ಹಿಂದಿನ ಅಗ್ಗದ ರಟ್ಟಿನ ಆಮ್ಲ ಕಾಗದವನ್ನು ಕಂದು ಮಾಡುತ್ತದೆ. ಗೋಂದು ಹಚ್ಚಿ ಅಂಟಿಸಿದ್ದರಂತೂ ಬೆನ್ನು ಹಾಳಾದಂತೆಯೇ. ಅಂಟಿಕೊಂಡ ಕಾರ್ಡನ್ನು ಎಂದೂ ಕಿತ್ತು ಎಳೆಯಬಾರದು. ಬಲ್ಲವರಿಗೇ ಒಪ್ಪಿಸಬೇಕು.

ಮಕ್ಕಳೇ, ನಮ್ಮಲ್ಲೂ 1980-90ರ ದಶಕದಲ್ಲಿ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರಗಳು ಬರುತ್ತಿದ್ದವು. ನಿಮ್ಮ ಅಪ್ಪನೋ ಚಿಕ್ಕಪ್ಪನೋ ಕೂಡಿಸಿದ್ದು ಅಜ್ಜಿಯ ಟ್ರಂಕಿನಲ್ಲಿ ಇನ್ನೂ ಇರಬಹುದು. ಬೆಂಕಿಪೊಟ್ಟಣದ ಚಿತ್ರ, ಅಂಚೆಚೀಟಿಗಳೂ ಸಿಗಬಹುದು. ಸಿಕ್ಕರೆ ಕತ್ತರಿ ಹಾಕಬೇಡಿ, ಗೋಂದು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಒಣಗಿದ ಕೈಯಲ್ಲಿ ಅಂಚು ಹಿಡಿದು ನೋಡಿ.

ಅಜ್ಜ ಅಜ್ಜಿಯರೇ, ನೀವೂ ಒಂದು ಉಪಕಾರ ಮಾಡಿ. ಅದು ಯಾರದು, ಯಾವಾಗ ಸಿಕ್ಕಿತು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಮುದುರಿದ ಮೂಲೆಯ ಕಥೆಯನ್ನೂ ಬರೆಯಿರಿ. ಆ ಎರಡನೆಯ ವ್ಯಾಗ್ನರ್ ಕಾರ್ಡಿನ ಜೊತೆಗೂ ಒಂದು ಚೀಟಿ ಇತ್ತಲ್ಲವೇ?