ಕಳೆಯೇ ಗೆದ್ದ ಮೈದಾನ

ಗಣೇಶನಿಗೆ ಏರಿಸುವ ಗರಿಕೆ ಹೊಲದ ನಡುವೆ ಎದ್ದರೆ ಮನೆಯಲ್ಲಿ ಏನಂತಾರೆ? "ಹಾಳು ಕಳೆ" ಅಂತ ಕಿತ್ತು ಬದುವಿಗೆ ಎಸೆಯುತ್ತಾರೆ, ಅಲ್ವಾ? ಅದೇ ಹುಲ್ಲು ಪೂಜೆಗೆ ಬೇಕು, ದನಕ್ಕೂ ಬೇಕು. ಹಾಗಾದರೆ ಕಳೆ ಅಂದ್ರೆ ಯಾವುದು? ಅಮೆರಿಕದ ಒಂದು ಗಾಲ್ಫ್ ಮೈದಾನ ಈ ಪ್ರಶ್ನೆಗೆ ಹನ್ನೊಂದು ವರ್ಷ ಉತ್ತರ ಹುಡುಕಿತು. ಆ ಕಥೆ ಕೇಳಿ.

ಊಟಿಯ ಕಡೆ ಇರುವವರು ಗಾಲ್ಫ್ ಮೈದಾನ ನೋಡಿರಬಹುದು. ಉಳಿದವರಿಗೆ ಒಂದು ಮಾತು: ಸಣ್ಣ ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು, ಒಂದಾದ ಮೇಲೊಂದರಂತೆ 18 ಕುಳಿಗಳಿಗೆ ಬೀಳಿಸಬೇಕು. ಯಾರು ಕಡಿಮೆ ಹೊಡೆತದಲ್ಲಿ ಮುಗಿಸುತ್ತಾರೋ ಅವರೇ ಗೆದ್ದರು. ಕುಳಿಯ ಅಗಲ ಬರೀ 108 ಮಿಲಿಮೀಟರ್. ಅದರ ಸುತ್ತಲಿನ ಜಾಗಕ್ಕೆ 'ಗ್ರೀನ್' ಎನ್ನುತ್ತಾರೆ. ಅಲ್ಲಿ ಹುಲ್ಲನ್ನು ಒಂದು ಅಕ್ಕಿಕಾಳಿನ ಉದ್ದಕ್ಕೂ ಬೆಳೆಯಲು ಬಿಡುವುದಿಲ್ಲ. ಚೆಂಡು ಗಾಜಿನ ಮೇಲೆ ಉರುಳಿದಂತೆ ಉರುಳಬೇಕು.

ಅಮೆರಿಕದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ಎಂಬ ರಾಜ್ಯವಿದೆ. ಅಲ್ಲಿನ ಪ್ಯೂಜೆಟ್ ಸೌಂಡ್ ಎಂಬ ಕೊಲ್ಲಿಯ ದಂಡೆಯಲ್ಲಿ ಹಿಮಯುಗದ ನೀರ್ಗಲ್ಲು ಕರಗಿ ಹರಿದಾಗ ಮರಳು, ಜಲ್ಲಿ ರಾಶಿ ರಾಶಿಯಾಗಿ ನಿಂತಿತು. ಜನ ಅದನ್ನು ದಶಕಗಳ ಕಾಲ ಅಗೆದು ಕಟ್ಟಡಗಳಿಗೆ ಸಾಗಿಸಿದರು. ಉಳಿದದ್ದು ದೊಡ್ಡ ಬೋಳು ಕೋರೆ. ನಮ್ಮ ಜಿಲ್ಲೆಯಂಥ ಆಡಳಿತ ಘಟಕವಾದ ಪಿಯರ್ಸ್ ಕೌಂಟಿ ಆ ಜಾಗವನ್ನು 1992ರಲ್ಲಿ ಕೊಂಡಿತು. ರಾಬರ್ಟ್ ಟ್ರೆಂಟ್ ಜೋನ್ಸ್ ಜೂನಿಯರ್ ಅವರ ತಂಡ ಅಲ್ಲಿ 'ಚೇಂಬರ್ಸ್ ಬೇ' ಮೈದಾನವನ್ನು ರೂಪಿಸಿತು. ಒಂದಲ್ಲ ಒಂದು ದಿನ ಇಲ್ಲಿ ಯುಎಸ್ ಓಪನ್ ನಡೆಯಬೇಕು ಎಂಬುದು ಮೊದಲಿನಿಂದಲೂ ಇದ್ದ ಗುರಿ. 2007ರಲ್ಲಿ ಮೈದಾನ ತೆರೆಯಿತು. ಮರುವರ್ಷವೇ 2015ರ ಯುಎಸ್ ಓಪನ್ ಇಲ್ಲಿ ಎಂದು ಘೋಷಣೆಯೂ ಆಯ್ತು! ಜಲ್ಲಿ ತುಂಬಿಡುತ್ತಿದ್ದ ಕಾಂಕ್ರೀಟ್ ಗೋಡೆಗಳು ಇಂದಿಗೂ ಅಲ್ಲೇ ನಿಂತಿವೆ. ಇಡೀ ಮೈದಾನಕ್ಕೆ ಇದ್ದದ್ದು ಒಂದೇ ಒಂದು ಮರ.

ಇಂಥ ಜಾಗವನ್ನು ಏಕೆ ಆರಿಸಿದರು? ಮರಳಿದ್ದ ಕಾರಣಕ್ಕೇ. ಎರೆಮಣ್ಣಿನ ಕಣಗಳು ತೀರಾ ಸಣ್ಣವು, ನಡುವಿನ ಸಂದುಗಳೂ ಸಣ್ಣವು, ನೀರು ಬೇಗ ಇಳಿಯದು. ಮರಳಿನ ಸಂದುಗಳು ದೊಡ್ಡವು, ಮಳೆ ನಿಂತ ಸ್ವಲ್ಪ ಹೊತ್ತಿಗೇ ನೆಲ ಗಟ್ಟಿ. ಗಟ್ಟಿ ನೆಲದ ಮೇಲೆ ಚೆಂಡು ಪುಟಿದು ದೂರ ಉರುಳುತ್ತದೆ. ಮರಳಿಗೆ ಸರಿಹೊಂದಲೆಂದು 'ಫೆಸ್ಕ್ಯೂ' ಎಂಬ ತೆಳು ಎಲೆಯ ಹುಲ್ಲನ್ನು ಬಿತ್ತಿದರು. ಅದಕ್ಕೆ ನೀರೂ ಕಡಿಮೆ ಸಾಕು, ಗೊಬ್ಬರವೂ ಕಡಿಮೆ ಸಾಕು. ಲೆಕ್ಕಾಚಾರ ಸರಿಯಾಗೇ ಇತ್ತು.

ಆದರೆ ಫೆಸ್ಕ್ಯೂ ನಿಧಾನವಾಗಿ ಬೆಳೆಯುವ ಹುಲ್ಲು. ಜನ ತುಳಿದು ಸವೆದ ಜಾಗವನ್ನು ಬೇಗ ತುಂಬಿಕೊಳ್ಳಲಾರದು. ಖಾಲಿ ಜಾಗ ಸಿಕ್ಕರೆ ಪ್ರಕೃತಿ ಸುಮ್ಮನಿರುತ್ತಾ? 'ಪೋವಾ ಆನ್ಯುವಾ' ಎಂಬ ಇನ್ನೊಂದು ಹುಲ್ಲು ನುಗ್ಗಿತು. ಎಷ್ಟೇ ಗಿಡ್ಡವಾಗಿ ಕತ್ತರಿಸಿದರೂ ಅದು ಹೂಬಿಟ್ಟು ಬೀಜ ಉದುರಿಸುತ್ತದೆ. ಆಟಗಾರರ ಬೂಟಿಗೆ ಅಂಟಿಕೊಂಡೇ ಊರಿಂದೂರಿಗೆ ಹೋಗುತ್ತದೆ.

2015ರ ಜೂನ್‌ನಲ್ಲಿ ಪಂದ್ಯ ಶುರುವಾದಾಗ ಹಲವು ಗ್ರೀನ್‌ಗಳಲ್ಲಿ ಎರಡೂ ಹುಲ್ಲುಗಳಿದ್ದವು. ಬೆಳಿಗ್ಗೆ ಒಂದೇ ಮಟ್ಟಕ್ಕೆ ಕತ್ತರಿಸಿದರೂ ಮಧ್ಯಾಹ್ನದ ಹೊತ್ತಿಗೆ ಪೋವಾ ಮೇಲೆದ್ದಿರುತ್ತಿತ್ತು. ಫೆಸ್ಕ್ಯೂ ಇದ್ದಲ್ಲೇ ಇರುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ, ಆದರೆ ಚೆಂಡಿಗೆ ಅದು ಉಬ್ಬುತಗ್ಗಿನ ರಸ್ತೆ. ಸ್ವೀಡನ್ನಿನ ಹೆನ್ರಿಕ್ ಸ್ಟೆನ್ಸನ್ ಈ ಗ್ರೀನ್‌ಗಳನ್ನು ಬ್ರೊಕೊಲಿಗೆ ಹೋಲಿಸಿ ಗೇಲಿ ಮಾಡಿದರು. ಕೊನೆಯ ಕುಳಿಯಲ್ಲಿ ಡಸ್ಟಿನ್ ಜಾನ್ಸನ್ ಸುಮಾರು 12 ಅಡಿ ದೂರದಿಂದ ಒಂದೇ ಹೊಡೆತಕ್ಕೆ ಚೆಂಡು ಬೀಳಿಸಿದ್ದರೆ ಗೆಲ್ಲುತ್ತಿದ್ದರು. ಮೂರು ಹೊಡೆತ ಬೇಕಾಯ್ತು. ಜೋರ್ಡನ್ ಸ್ಪೀತ್ ಒಂದೇ ಹೊಡೆತದ ಅಂತರದಲ್ಲಿ ಗೆದ್ದರು. ಜಾನ್ಸನ್‌ಗೆ ಕೈಕೊಟ್ಟದ್ದು ಹುಲ್ಲೋ, ಒತ್ತಡವೋ? ಅದನ್ನು ಅಳೆಯುವ ಉಪಕರಣ ಇಲ್ಲ. ಆದರೆ ಸೋತವನಿಗೆ ನೆಲದ ಮೇಲೆ ಅನುಮಾನ ಬಂದರೆ ಆ ಸ್ಪರ್ಧೆಗೆ ಅದು ಕೊರತೆಯೇ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡಬೇಕು ತಾನೇ?

ನೆಲದ ಗುಣವನ್ನು ಅಳೆಯಲು ಮಾತ್ರ ಉಪಕರಣ ಇದೆ. ಹೆಸರು ಸ್ಟಿಂಪ್‌ಮೀಟರ್. ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ರೂಪಿಸಿದ್ದು. ಗಾಡಿ ಹಾಕಿದ ಉದ್ದನೆಯ ಪಟ್ಟಿಯ ಮೇಲೆ ಚೆಂಡಿಟ್ಟು ನಿಧಾನವಾಗಿ ಎತ್ತುತ್ತಾರೆ. ಸುಮಾರು 20 ಡಿಗ್ರಿಗೆ ಬಂದಾಗ ಚೆಂಡು ತಾನೇ ಜಾರಿ ಉರುಳುತ್ತದೆ. ಪ್ರತಿ ಸಲವೂ ಎತ್ತರ ಒಂದೇ, ಆದ್ದರಿಂದ ಕೆಳಗೆ ಬಂದಾಗಿನ ವೇಗವೂ ಒಂದೇ. ಅಲ್ಲಿಂದ ಎಷ್ಟು ಅಡಿ ಉರುಳಿತು ಎಂಬುದನ್ನು ತೀರ್ಮಾನಿಸುವುದು ನೆಲದ ಘರ್ಷಣೆ. ಅಂಗಳದ ಇಳಿಜಾರು ಲೆಕ್ಕ ತಪ್ಪಿಸದಂತೆ ಎದುರು ದಿಕ್ಕಿನಿಂದಲೂ ಉರುಳಿಸಿ ಸರಾಸರಿ ತೆಗೆಯುತ್ತಾರೆ.

ಪಂದ್ಯ ಮುಗಿದ ಮೇಲೆ ಮೈದಾನದವರು ಏನು ಮಾಡಿದರು ಗೊತ್ತಾ? ಮುಂದಿನ ಕೆಲವೇ ವರ್ಷಗಳಲ್ಲಿ ಗ್ರೀನ್‌ಗಳ ಫೆಸ್ಕ್ಯೂ ತೆಗೆದು, ಕಳೆ ಎಂದು ಬೈದ ಪೋವಾವನ್ನೇ ಹಾಸಿದರು! ಆ ಕಡಲತಡಿಯ ತಂಪು ಹವೆ ಪೋವಾಕ್ಕೆ ಒಗ್ಗಿದೆ, ತುಳಿದರೂ ಚೇತರಿಸಿಕೊಳ್ಳುತ್ತದೆ. ಒಂದೇ ಹುಲ್ಲು ಆದ್ದರಿಂದ ಬೆಳವಣಿಗೆಯೂ ಒಂದೇ ಸಮ. 2022ರಲ್ಲಿ ಅಲ್ಲೇ ನಡೆದ ಅಮೆರಿಕದ ಮಹಿಳಾ ಅಮೆಚೂರ್ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ 17 ವರ್ಷದ ಹುಡುಗಿ ಸಾಕಿ ಬಾಬಾ ಗೆದ್ದಳು.

ವಿನ್ಯಾಸಕಾರರು ಮರಳಿನ ದಿಬ್ಬವನ್ನು ಬೇಕಾದಲ್ಲಿ ಕೂರಿಸಬಲ್ಲರು. ಯಾವ ಹುಲ್ಲು ನಿಲ್ಲಬೇಕು ಎಂಬುದರಲ್ಲಿ ಮಣ್ಣು, ಹವೆ, ತುಳಿತಗಳಿಗೂ ಮಾತಿದೆ. ಬಿಸಿ ನಾಡುಗಳ ಗಾಲ್ಫ್ ಮೈದಾನಗಳಲ್ಲಿ ಹಾಸುವ 'ಬರ್ಮುಡಾ ಹುಲ್ಲು' ಯಾವುದು ಗೊತ್ತಾ? ನಮ್ಮ ಗರಿಕೆಯೇ, ಇಲ್ಲವೇ ಅದರಿಂದ ಬೆಳೆಸಿದ ಮಿಶ್ರತಳಿ.

ಈಗ ನಿಮ್ಮ ಕೆಲಸ. ಒಂದು ನೋಟ್‌ಬುಕ್ಕಿನ ರಟ್ಟನ್ನು ಉದ್ದಕ್ಕೆ ಮಡಚಿ ಕಾಲುವೆಯಂತೆ ಮಾಡಿ. ಒಂದು ತುದಿಯನ್ನು ಎರಡು ಪುಸ್ತಕಗಳ ಮೇಲಿಟ್ಟು ಗೋಲಿ ಬಿಡಿ. ತರಗತಿಯ ನೆಲ, ಅಂಗಳದ ಮಣ್ಣು, ಗರಿಕೆ ಬೆಳೆದ ಜಾಗ, ಮೂರೂ ಕಡೆ ಐದೈದು ಸಲ ಅಳೆದು ಸರಾಸರಿ ಬರೆಯಿರಿ. ಹಾಗೇ ಇನ್ನೊಂದು ನೋಡಿ: ನೀವು ದಿನವೂ ಓಡಾಡುವ ದಾರಿಯಲ್ಲಿ ಯಾವ ಹುಲ್ಲು ಉಳಿದಿದೆ, ಯಾವುದು ಸತ್ತಿದೆ? ಏಕೆ?