ಕಾವಿಗೆ ಕೂರುವ ಕೋಳಿ

ಅಂಗಡಿಯಲ್ಲಿ ತೂಗುವ ಬ್ರಾಯ್ಲರ್ ಕೋಳಿಯ ವಂಶವನ್ನು ಹುಡುಕುತ್ತ ಹೋದರೆ ನಾವು ತಲುಪುವುದು ನಮ್ಮದೇ ನೆಲದ ಜಗಳಗಂಟ ಹುಂಜದ ಬಳಿಗೆ. ಅದರ ತಳಿಯ ಹೆಸರು ಅಸೀಲ್. ಅರಬ್ಬಿ ಮೂಲದ ಈ ಪದಕ್ಕೆ ಅಪ್ಪಟ, ಕುಲೀನ ಎಂಬ ಅರ್ಥವಿದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಅಸೀಲನ್ನು ಅಲ್ಲಿಯ ಕಾಳಗದ ಕೋಳಿಗಳೊಡನೆ ಕೂಡಿಸಿ 'ಇಂಡಿಯನ್ ಗೇಮ್' ಎಂಬ ತಳಿ ಬೆಳೆಸಿದರು. ಕಾಳಗಕ್ಕೆ ಅದು ಒದಗಲಿಲ್ಲ. ಅಗಲವಾದ ಎದೆ ಮಾತ್ರ ಮಾಂಸದ ವ್ಯಾಪಾರಕ್ಕೆ ಒದಗಿತು. ಮುಂದೆ ಕಾರ್ನಿಷ್ ಎನಿಸಿದ ಆ ತಳಿಯೇ ಇಂದಿನ ಬ್ರಾಯ್ಲರ್‌ಗೆ ತಂದೆಯ ಕಡೆಯ ಮೂಲ.

ಆಂಧ್ರ, ಒಡಿಶಾ, ಛತ್ತೀಸಗಡದ ಹಳ್ಳಿಗಳಲ್ಲಿ ಅಸೀಲ್ ಇಂದಿಗೂ ಮನೆಯಂಗಳದ ಕೋಳಿ. ನೀಳ ಕತ್ತು, ಉದ್ದ ಕಾಲು, ಪುಟ್ಟ ಜುಟ್ಟು, ಸೆಟೆದ ನಿಲುವು. ಬೆಳೆದ ಹುಂಜ ನಾಲ್ಕು ಕಿಲೋ ಮುಟ್ಟುತ್ತದೆ. ಅದನ್ನು ಪ್ರಸಿದ್ಧಗೊಳಿಸಿದ್ದು ಸಂಕ್ರಾಂತಿಯ ಕೋಳಿ ಕಾಳಗ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅದು ಅಪರಾಧ. ಆದರೆ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕುವ ಹೆಂಗಸಿಗೆ ಬೇಕಾದದ್ದು ಹುಂಜದ ಪೌರುಷವಲ್ಲ, ಹೇಟೆಯ ಕಾವು.

ಹತ್ತು ಹನ್ನೆರಡು ಮೊಟ್ಟೆ ಇಟ್ಟ ಮೇಲೆ ಹೇಟೆ ಗೂಡು ಬಿಟ್ಟು ಏಳುವುದಿಲ್ಲ. ಹತ್ತಿರ ಹೋದರೆ ಗರಿ ಕೆದರಿ ಗುರುಗುಟ್ಟುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಿ ಮೊಟ್ಟೆ ಇಡುವುದು ನಿಲ್ಲುತ್ತದೆ. ಮೊಟ್ಟೆಗಳು ಬೇರೆ ಬೇರೆ ದಿನ ಇಟ್ಟವಾದರೂ ಒಳಗಿನ ಬೆಳವಣಿಗೆ ಮುಂದುವರಿಯುವುದು ಕಾವು ಸಿಕ್ಕ ಮೇಲೆಯೇ. ಆದ್ದರಿಂದಲೇ 21ನೇ ದಿನದ ಹೊತ್ತಿಗೆ ಮರಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಹೊರಬರುತ್ತವೆ. ಅಲ್ಲಿಯವರೆಗೆ ತಾಯಿ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತ, ದಿನಕ್ಕೊಮ್ಮೆ ಎದ್ದು ಕಾಳು ಹೆಕ್ಕಿ ಮರಳಿ ಕೂರುತ್ತದೆ.

ಮೊಟ್ಟೆಯ ಫಾರಂ ನಡೆಸುವವರಿಗೆ ಈ ಕಾವು ಎಂದರೆ ನಷ್ಟ. ಹಾಗಾಗಿ ಕಾವಿಗೆ ಕೂರದ ಹೇಟೆಗಳನ್ನೇ ಆರಿಸುತ್ತ ಬಂದರು. ಫಾರಂ ಕೋಳಿ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುತ್ತದೆ. ಮರಿ ಮಾಡಿಸಲು ಮಾತ್ರ ಯಂತ್ರವೇ ಬೇಕು. ಅಸೀಲ್ ಇಡುವುದು 100ಕ್ಕೂ ಕಡಿಮೆ; ಆದರೆ ಮರಿ ಮಾಡಿ, ಹದ್ದು ಕಂಡೊಡನೆ ರೆಕ್ಕೆಯೊಳಗೆ ಸೇರಿಸಿಕೊಂಡು, ತಿಪ್ಪೆ ಕೆದಕುವುದನ್ನೂ ಕಲಿಸುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬೆಳೆಸಿದ ಗಿರಿರಾಜ ಹಿತ್ತಲಿಗೆ ಒಗ್ಗುವ ಒಳ್ಳೆಯ ತಳಿಯೇ. ಬೇಗ ತೂಕ ಬರುತ್ತದೆ, ಮೊಟ್ಟೆಯೂ ಹೆಚ್ಚು. ಆದರೆ ಅದು ಮಿಶ್ರತಳಿ. ಅದೇ ಗುಣದ ಮರಿ ಬೇಕೆಂದರೆ ಮತ್ತೆ ದುಡ್ಡು ಕೊಟ್ಟು ತರಬೇಕು.

ಅಸೀಲ್ ಸಾಕುವುದು ಕಷ್ಟವಲ್ಲ. ಐದಾರು ಹೇಟೆಗೆ ಒಂದೇ ಹುಂಜ ಸಾಕು. ಎರಡಿದ್ದರೆ ಕಾದಾಡಿ ಒಂದು ಸಾಯುತ್ತದೆ. ಕಾವಿನ ಬುಟ್ಟಿಗೆ ಹುಲ್ಲು ಹಾಸಿ ಮಬ್ಬುಗತ್ತಲೆಯ ಮೂಲೆಯಲ್ಲಿಡಬೇಕು. ಏಳನೇ ದಿನ ಟಾರ್ಚಿನ ಬೆಳಕಿಗೆ ಹಿಡಿದಾಗ ರಕ್ತನಾಳಗಳ ಜಾಲ ಕಾಣದ ಮೊಟ್ಟೆ ಗೊಡ್ಡು. ದೊಡ್ಡ ಶತ್ರು ರಾಣಿಖೇತ್, ಅಂದರೆ ಕೊಕ್ಕರೆ ರೋಗ. ಒಂದೇ ವಾರದಲ್ಲಿ ಊರ ಕೋಳಿಗಳನ್ನೆಲ್ಲ ಬರಿದು ಮಾಡಬಲ್ಲದು. ಮೊದಲ ವಾರದಲ್ಲಿ ಹನಿ ಲಸಿಕೆ, ಎಂಟನೇ ವಾರದ ಸುಮಾರಿಗೆ ಚುಚ್ಚುಮದ್ದು ತಪ್ಪಿಸಬಾರದು.

ಹಳ್ಳಿಗಳಲ್ಲಿ ಕೋಳಿಯನ್ನು ಪಾಲಿಗೆ ಕೊಡುವ ರೂಢಿಯಿದೆ. ಉಳ್ಳವರು ಹೇಟೆ ಕೊಡುತ್ತಾರೆ, ಇಲ್ಲದವರು ಸಾಕುತ್ತಾರೆ, ಮರಿಗಳನ್ನು ಹಂಚಿಕೊಳ್ಳುತ್ತಾರೆ. ಕೈಯಲ್ಲಿ ಕಾಸಿಲ್ಲದವಳೂ ಹೀಗೆ ಕೋಳಿಯ ಒಡತಿಯಾಗಬಲ್ಲಳು. ಹೇಟೆ ಕಾವಿಗೆ ಕೂರುವುದನ್ನು ಮರೆತ ದಿನ ಹಂಚಿಕೊಳ್ಳಲು ಮರಿಯೇ ಇರುವುದಿಲ್ಲ.